ಜಾತ್ರಿ ನಾಟಕಕ್ಕ ಮಕ್ಕಳನ್ನ ಕರ್ಕೊಂಡು ಹೋಗಬಹುದಾ?

ಸಿನಿಮಾಕ್ಕ ಸೆನ್ಸಾರ್ ಮಂಡಳಿ ವಯಸ್ಸು ಬರದು ಕೊಡ್ತೈತಿ. 2024ರ ನಿಯಮದಾಗ ಯುಎ 7+, 13+, 16+. ವಳಕಮದಿನ್ನಿ ಸುತ್ತಿನ ಊರಾಗ ಜಾತ್ರಿ ನಾಟಕದ ಹ್ಯಾಂಡ್‌ಬಿಲ್ ನೋಡ್ರಿ: ಪಾತ್ರಧಾರಿಗಳ ಫೋಟೊ, ದಾನಿಗಳ ಹೆಸರು. ವಯಸ್ಸಿನ ಸುದ್ದೀನೇ ಇಲ್ಲ.

ಕಥಿ ಕೇಳಿದ್ರ ಅರ್ಧಾನೇ ಗೊತ್ತಾಗ್ತೈತಿ. ನಾಟಕಕಾರ ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಾಗ ರಾಜಕುಮಾರ್ ಸಿನಿಮಾ ಆತು, ಮನಿಮಂದಿಯೆಲ್ಲಾ ಕುಂತು ನೋಡಿದ್ದು. ಅಂಥಾ ನಾಟಕದ ನಡುವನೂ ಕಾಮಿಡಿ ಪಾತ್ರದಾವ ಬಾಯಿಗೆ ಬಂದ ಡಬಲ್ ಮೀನಿಂಗ್ ಹೊಡೀಬಹುದು. ಶಿಳ್ಳಿ ಬಿದ್ದಷ್ಟೂ ಮಾತು ಉದ್ದ! ಪುಸ್ತಕದಾಗ ಅದು ಇರಂಗಿಲ್ಲ. ಅದಕ್ಕ ತಾಲೀಮಿಗೆ ಹೋಗಿ ಒಂದು ತಾಸು ಕುಂತು ಬರ್ರಿ. ಇಲ್ಲಾ ಹಾರ್ಮೋನಿಯಂ ಮಾಸ್ತರ್‌ನ ಕೇಳ್ರಿ, ಅವರಿಗೆ ಎಲ್ಲಾ ಗೊತ್ತಿರ್ತೈತಿ.

ಸಾವು, ಅಳು ಇದ್ರ ಹೆದರಬ್ಯಾಡ್ರಿ. ರವೀಂದ್ರನಾಥ ಠಾಕೂರರ ಗಿಣಿ ಕಥಿ ಹಿಡಕೊಂಡು ಬಿ.ವಿ. ಕಾರಂತರು ‘ಪಂಜರಶಾಲೆ’ ಮಾಡಿದ್ರು, ಮಕ್ಕಳಿಗಂತನೇ. ಆ ಕಥಿಯಾಗ ಪಾಠ ತುರುಕಿ ತುರುಕಿ ಗಿಣಿ ಸಾಯ್ತೈತಿ. ಸಾಲಿ ಮಕ್ಕಳಿಗೆ ಅದು ನಮಗಿಂತ ಚಂದ ತಿಳೀತೈತಿ.

ತೀರಾ ಸಣ್ಣವರಿದ್ರ ಚಿಂತಿ ಇಲ್ಲ. ನಾಂದಿ ಮುಗಿಯೂದ್ರಾಗ ನಿದ್ದಿ.

ಹೈಸ್ಕೂಲ್ ಹುಡುಗರ ಲೆಕ್ಕ ಬ್ಯಾರೆ. ಹೆಂಡ್ತಿಗೆ ಹೊಡದು ಬುದ್ಧಿ ಕಲಿಸೋ ಸೀನಿಗೆ ಚಪ್ಪಾಳಿ ಬಿದ್ರ, ಡಬಲ್ ಮೀನಿಂಗ್‌ಗಿಂತ ನನಗ ಅದೇ ಜಾಸ್ತಿ ಚುಚ್ಚತೈತಿ. ಅವರನ್ನ ಮನ್ಯಾಗ ಬಿಟ್ಟು ಹೋಗಬ್ಯಾಡ್ರಿ. ಜೋಡಿ ಕುಂತು ನೋಡ್ರಿ, ‘ಆ ಚಪ್ಪಾಳಿ ಯಾಕ ಬಿತ್ತು?’ ಅಂತ ಅವರನ್ನೇ ಕೇಳ್ರಿ.