ನಾಲಗೆಯ ಹದ, ಉಸಿರಿನ ನಡೆ
ಖೇಚರಿ ಮುದ್ರೆ ಹಾಗೂ ನಾಡೀಶೋಧನ: ಒಂದು ಆರೋಗ್ಯ ವಿಚಾರ

ಪುಣೆಯಿಂದ ಅಹಲ್ಯಾನಗರದ ಹೆದ್ದಾರಿ ಹಿಡಿದು ಸುಮಾರು 50 ಕಿಲೋಮೀಟರು ಸಾಗಿದರೆ ರಾಂಜಣಗಾಂವ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಈ ಊರಿನಲ್ಲಿ ಒಂದು ಕಡೆ ಮಹಾಗಣಪತಿಯ ದೇಗುಲ, ಇನ್ನೊಂದು ಕಡೆ ಹಗಲಿರುಳೆನ್ನದೆ ಪಾಳಿಯ ಮೇಲೆ ನಡೆಯುವ ಕಾರ್ಖಾನೆಗಳ ದೊಡ್ಡ ವಸಾಹತು. ಗಣಪತಿಯ ಸೊಂಡಿಲು ಎಡಕ್ಕೆ ತಿರುಗಿದ್ದರೆ ಎಡಮುರಿ, ಬಲಕ್ಕೆ ತಿರುಗಿದ್ದರೆ ಬಲಮುರಿ ಎಂದು ಕರೆಯುವುದು ನಮ್ಮ ನಾಡಿನ ರೂಢಿ. ಅಷ್ಟವಿನಾಯಕರಲ್ಲಿ ಸಿದ್ಧಟೇಕ್‌ನ ಸಿದ್ಧಿವಿನಾಯಕನು ಬಲಮುರಿಯೆಂದು ಪ್ರಸಿದ್ಧ. ಎಡವೆಂದರೆ ಚಂದ್ರನಾಡಿ, ಬಲವೆಂದರೆ ಸೂರ್ಯನಾಡಿ ಎಂದು ಭಕ್ತರು ಇದಕ್ಕೆ ಯೋಗದ ಅರ್ಥವನ್ನೂ ಹಚ್ಚುವುದುಂಟು. ಮೂಗಿನ ಎರಡು ಹೊಳ್ಳೆಗಳ ವಿಚಾರ ನಮ್ಮ ಜನಜೀವನದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಹೊಳ್ಳೆಗಳ ಉಸಿರನ್ನು ನಿಯಂತ್ರಿಸುವ ಪ್ರಾಣಾಯಾಮವು ಇಂದು ಮನೆಮನೆಯ ಮಾತಾಗಿದೆ. ಅದರ ಜೊತೆಗೇ, ನಾಲಗೆಯನ್ನು ಹಿಂದಕ್ಕೆ ಮಡಿಚಿ ಗಂಟಲಿನ ಮೇಲ್ಭಾಗಕ್ಕೆ ಸೇರಿಸುವ ಖೇಚರಿ ಮುದ್ರೆಯ ಬಗೆಗೂ ಕುತೂಹಲ ಬೆಳೆಯುತ್ತಿದೆ. ಕುತೂಹಲ ತಪ್ಪಲ್ಲ. ಆದರೆ ಗುರುವಿಲ್ಲದೆ, ವೈದ್ಯರ ಸಲಹೆಯಿಲ್ಲದೆ ನಾಲಗೆಯ ಕೆಳಗಿನ ಪೊರೆಗೆ ಬ್ಲೇಡು ತಾಗಿಸುವ ಸಾಹಸಕ್ಕೆ ಅದು ಎಡೆಗೊಟ್ಟರೆ ಆರೋಗ್ಯದ ಬದಲು ಅನಾಹುತವಾದೀತು. ಆದ್ದರಿಂದ ಈ ಎರಡು ಸಾಧನೆಗಳನ್ನು ಶಾಸ್ತ್ರ ಮತ್ತು ಶರೀರವಿಜ್ಞಾನ ಎರಡರ ಬೆಳಕಿನಲ್ಲೂ ನೋಡುವುದು ಉಚಿತ.

ಗ್ರಂಥಗಳು ಹೇಳುವುದೇನು?

'ಖ' ಎಂದರೆ ಆಕಾಶ, 'ಚರಿ' ಎಂದರೆ ಸಂಚರಿಸುವುದು. ಅಂಗುಳದ ಹಿಂದಿನ ಟೊಳ್ಳಿನಲ್ಲಿ ನಾಲಗೆ ಸಂಚರಿಸುವುದರಿಂದ ಈ ಮುದ್ರೆಗೆ ಖೇಚರಿ ಎಂಬ ಹೆಸರು ಬಂದಿತು. ಸುಮಾರು 15ನೆಯ ಶತಮಾನದ ಸ್ವಾತ್ಮಾರಾಮನ 'ಹಠಯೋಗಪ್ರದೀಪಿಕೆ'ಯ ಮೂರನೆಯ ಉಪದೇಶದಲ್ಲಿ ಇದರ ವಿವರಣೆಯಿದೆ. ಛೇದನ, ಚಾಲನ, ದೋಹನ ಎಂಬ ಮೂರು ಉಪಾಯಗಳಿಂದ, ಅಂದರೆ ಕತ್ತರಿಸಿ, ಅಲುಗಿಸಿ, ಹಾಲು ಕರೆಯುವಂತೆ ಎಳೆದು, ನಾಲಗೆಯನ್ನು ನೀಳವಾಗಿಸಬೇಕೆಂದು ಅಲ್ಲಿ ಹೇಳಿದೆ. ಕಳ್ಳಿಯ ಎಲೆಯಂತೆ ಹರಿತವಾದ ಶಸ್ತ್ರದಿಂದ ಏಳು ದಿನಗಳಿಗೊಮ್ಮೆ ಕೇವಲ ರೋಮದಷ್ಟು ಕೊಯ್ದು, ಆ ಜಾಗಕ್ಕೆ ಸೈಂಧವ ಲವಣ ಮತ್ತು ಅಳಲೆಕಾಯಿಯ ಪುಡಿಯನ್ನು ಉಜ್ಜುತ್ತ ಆರು ತಿಂಗಳು ಕಳೆಯಬೇಕೆಂಬುದು ಅಲ್ಲಿನ ವಿಧಿ. ಶಿರದಲ್ಲಿರುವ ಚಂದ್ರನಿಂದ ಸ್ರವಿಸುವ ಅಮೃತವು ನಾಭಿಯ ಸೂರ್ಯನಿಗೆ ಆಹುತಿಯಾಗದಂತೆ ನಾಲಗೆಯೇ ತಡೆಯಾಗುತ್ತದೆ, ಸಾಧಕನಿಗೆ ಹಸಿವು, ಬಾಯಾರಿಕೆ, ಮುಪ್ಪು ಬಾಧಿಸುವುದಿಲ್ಲ ಎಂಬುದು ಆ ಪರಂಪರೆಯ ನಂಬಿಕೆ.

ಈ ಗ್ರಂಥ ರಚಿತವಾದುದು ಲೋಕದ ಹಂಗು ತೊರೆದು, ಗುರುವಿನ ಬಳಿ ವರ್ಷಗಟ್ಟಲೆ ಕಳೆಯುವ ಸಾಧಕರಿಗಾಗಿ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವ ಗೃಹಸ್ಥನಿಗಾಗಿ ಅಲ್ಲ. ಪ್ರಾಣಾಯಾಮದ ಪ್ರಕರಣದಲ್ಲಿಯೂ ಅದೇ ಗ್ರಂಥ ಎಚ್ಚರಿಕೆ ಕೊಡುತ್ತದೆ: ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಉಸಿರನ್ನು ಮೆಲ್ಲಮೆಲ್ಲನೆ ವಶಪಡಿಸಿಕೊಳ್ಳಬೇಕು, ಅವಸರಪಟ್ಟರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು.

ಶರೀರವಿಜ್ಞಾನದ ದೃಷ್ಟಿ

ನಾಲಗೆಯ ಕೆಳಗೆ, ಬಾಯಿಯ ತಳಕ್ಕೆ ಅದನ್ನು ಬಿಗಿದಿಡುವ ತೆಳುವಾದ ಪೊರೆಯಿದೆ. ಅದರ ಅಕ್ಕಪಕ್ಕದಲ್ಲೇ ರಕ್ತನಾಳಗಳೂ ನರದ ಎಳೆಗಳೂ ಜೊಲ್ಲುಗ್ರಂಥಿಗಳ ನಾಳದ ಬಾಯಿಗಳೂ ಇವೆ. ಹುಟ್ಟಿನಿಂದಲೇ ಪೊರೆ ಬಿಗಿಯಾಗಿದ್ದು ಹಾಲು ಕುಡಿಯಲು ತೊಂದರೆಪಡುವ ಶಿಶುಗಳಿಗೆ ವೈದ್ಯರು ಅದನ್ನು ಬಿಡಿಸುವುದುಂಟು. ಆದರೆ ಅದು ಶುದ್ಧ ಉಪಕರಣಗಳಿಂದ, ಅಂಗರಚನೆ ಬಲ್ಲವರ ಕೈಯಿಂದ ಆಗುವ ಕೆಲಸ. ಕನ್ನಡಿಯ ಮುಂದೆ ನಿಂತು ತಾನೇ ಕೊಯ್ದುಕೊಂಡರೆ ರಕ್ತಸ್ರಾವ, ಸೋಂಕು, ಜೊಲ್ಲುನಾಳಕ್ಕೆ ಪೆಟ್ಟು, ಎಲ್ಲವೂ ಸಂಭವ. ಗಾಯ ಮಾಯುವಾಗ ಕಲೆ ಕುಗ್ಗಿ, ನಾಲಗೆ ಮೊದಲಿಗಿಂತಲೂ ಬಿಗಿಯಾಗಬಹುದು. ಆಗ ನೀಳವಾಗಬೇಕಾದುದು ಗಿಡ್ಡವಾದಂತೆಯೇ ಸರಿ.

ನಾಲಗೆ ಕೆಟ್ಟರೆ ನುಡಿಯೂ ಕೆಡುತ್ತದೆ. ಕನ್ನಡದ ಟ, ಡ, ಣ, ಳ ಅಕ್ಷರಗಳನ್ನು ವೈಯಾಕರಣರು ಮೂರ್ಧನ್ಯಗಳೆಂದರು. ಇವನ್ನು ಉಚ್ಚರಿಸಲು ನಾಲಗೆಯ ತುದಿ ಹಿಂದಕ್ಕೆ ಬಾಗಿ ಅಂಗುಳವನ್ನು ಮುಟ್ಟಲೇಬೇಕು. 'ಬಾಳೆಹಣ್ಣು' ಎಂದು ಸ್ಪಷ್ಟವಾಗಿ ಹೇಳುವ ಮಗು ನಾಲಗೆಗೆ ಅರಿವಿಲ್ಲದೆಯೇ ಒಂದು ವ್ಯಾಯಾಮ ಕೊಡುತ್ತದೆ! ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಮರಾಠಿಯ ಳಕಾರವೂ ಈ ವಿಷಯದಲ್ಲಿ ಬೆಂಬಲವಾಗಿದೆ ಎಂಬುದು ಸಂತೋಷದ ಸಂಗತಿ.

ಕೊಯ್ಯದೆಯೂ ನಾಲಗೆಯನ್ನು ಪಳಗಿಸಬಹುದು. ಬಾಯಿ ಮುಚ್ಚಿ, ನಾಲಗೆಯನ್ನು ಮಡಿಚಿ ತುದಿಯನ್ನು ಅಂಗುಳಕ್ಕೆ ತಾಗಿಸಿ ನೆಮ್ಮದಿಯಿಂದ ಮೂಗಿನಲ್ಲಿ ಉಸಿರಾಡುವುದು ಸುಲಭವಾದ ರೂಪ. ಆಗ ಬಾಯಲ್ಲಿ ಊರುವ ದ್ರವವು ನಾಲಗೆಯ ಸ್ಪರ್ಶದಿಂದ ಪ್ರಚೋದಿತವಾದ ಜೊಲ್ಲೆಂದು ಶರೀರವಿಜ್ಞಾನ ಹೇಳುತ್ತದೆ. ಅದು ಹಸಿವನ್ನು ನೀಗಿಸುವುದಿಲ್ಲ. ಆದ್ದರಿಂದ ಈ ಮುದ್ರೆಯನ್ನು ನಂಬಿ ಊಟವನ್ನಾಗಲಿ ಔಷಧವನ್ನಾಗಲಿ ಬಿಡುವುದು ಸಲ್ಲದು. ನಾಲಗೆ ಮತ್ತು ಗಂಟಲಿನ ಸ್ನಾಯುಗಳ ವ್ಯಾಯಾಮಕ್ಕೆ ತನ್ನದೇ ಬೆಲೆಯುಂಟು. ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ ಮಧ್ಯಮ ಪ್ರಮಾಣದಲ್ಲಿದ್ದವರಿಗೆ ಮೂರು ತಿಂಗಳು ಇಂಥ ವ್ಯಾಯಾಮ ಮಾಡಿಸಿದಾಗ ತೊಂದರೆ ಗಣನೀಯವಾಗಿ ತಗ್ಗಿತೆಂದು 2009ರಲ್ಲಿ ಬ್ರೆಜಿಲ್‌ನ ವೈದ್ಯರು ಪ್ರಕಟಿಸಿದರು.

ಎರಡು ಹೊಳ್ಳೆಗಳ ಸರದಿ

ಆರೋಗ್ಯವಂತರಲ್ಲಿಯೂ ಎರಡು ಹೊಳ್ಳೆಗಳು ಸಾಮಾನ್ಯವಾಗಿ ಒಂದೇ ಸಮನಾಗಿ ತೆರೆದಿರುವುದಿಲ್ಲ. ಮೂಗಿನ ಒಳಗೋಡೆಯ ಮೃದು ಅಂಗಾಂಶಕ್ಕೆ ರಕ್ತ ತುಂಬಿ ಒಂದು ಹೊಳ್ಳೆ ಕಿರಿದಾದರೆ ಇನ್ನೊಂದು ಅಗಲವಾಗುತ್ತದೆ. ಕೆಲವು ಗಂಟೆಗಳ ಬಳಿಕ ಸರದಿ ಬದಲಾಗುತ್ತದೆ. ಜರ್ಮನಿಯ ವೈದ್ಯ ಕೈಸರ್ 1895ರಲ್ಲಿ ಇದನ್ನು ವರ್ಣಿಸಿದನು. ಅದಕ್ಕೆ ಬಹು ಹಿಂದೆಯೇ ನಮ್ಮ ಸ್ವರಶಾಸ್ತ್ರಜ್ಞರು ಇಡಾ, ಪಿಂಗಳಾ ಎಂಬ ಹೆಸರಿನಲ್ಲಿ ಈ ಸರದಿಯನ್ನು ಗುರುತಿಸಿದ್ದರು.

ಬೆಂಗಳೂರಿನ ವಿವೇಕಾನಂದ ಕೇಂದ್ರದ ಯೋಗ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಲ್ಲೇಖಾರ್ಹ. ಒಂದು ತಿಂಗಳ ಅಭ್ಯಾಸದ ಬಳಿಕ ದೇಹ ಬಳಸುವ ಆಮ್ಲಜನಕದ ಪ್ರಮಾಣ ಬಲಹೊಳ್ಳೆಯ ಗುಂಪಿನಲ್ಲಿ ಶೇಕಡಾ 37, ಎಡಹೊಳ್ಳೆಯ ಗುಂಪಿನಲ್ಲಿ 24, ಎರಡನ್ನೂ ಸರದಿಯಂತೆ ಬಳಸಿದವರಲ್ಲಿ 18ರಷ್ಟು ಏರಿತ್ತು. ಬಲಹೊಳ್ಳೆ ಕಾವು ಕೊಡುತ್ತದೆಂಬ ಹಳೆಯ ಮಾತಿಗೆ ಇದು ಸ್ವಲ್ಪ ಪುಷ್ಟಿ ಕೊಡುತ್ತದೆ. ಎಡಹೊಳ್ಳೆ ತಂಪೆಂಬ ಮಾತಿಗೆ ಅಷ್ಟಾಗಿ ಕೊಡುವುದಿಲ್ಲ. ಇನ್ನು ಭ್ರಾಮರಿಯ ವಿಷಯ: ಬಾಯಿ ಮುಚ್ಚಿ ಗುಂಯ್‌ಗುಡುವಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಅನಿಲ ಸುಮಾರು ಹದಿನೈದು ಪಟ್ಟು ಹೆಚ್ಚುವುದೆಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಕಂಡುಕೊಂಡರು. ಮುಖದ ಎಲುಬಿನ ಟೊಳ್ಳುಗಳಲ್ಲಿ ಗಾಳಿಯಾಟ ಹೆಚ್ಚುವುದೇ ಇದಕ್ಕೆ ಕಾರಣ.

ಪುಣೆ ಜಿಲ್ಲೆಯ ಎರಡು ದೀಪಗಳು

ಯೋಗವನ್ನು ಪ್ರಯೋಗಶಾಲೆಗೆ ತಂದ ಕೀರ್ತಿ ಪುಣೆ ಜಿಲ್ಲೆಗೇ ಸಲ್ಲಬೇಕು. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಅದೇ ವರ್ಷ 'ಯೋಗಮೀಮಾಂಸಾ' ಪತ್ರಿಕೆಯನ್ನು ಆರಂಭಿಸಿದರು. ಕ್ಷ-ಕಿರಣ ಮತ್ತು ಒತ್ತಡಮಾಪಕಗಳಿಂದ ಯೋಗಕ್ರಿಯೆಗಳನ್ನು ಅಳೆದು ನೋಡಿದವರು ಅವರು.

ಎರಡನೆಯವರು ನಮ್ಮ ನಾಡಿನವರೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯ, ವಿಷಮಶೀತಜ್ವರ, ಕ್ಷಯಗಳಿಂದ ಸೊರಗಿದವರು. ಮೈಸೂರಿನಲ್ಲಿ ಭಾವನವರಾದ ತಿರುಮಲೈ ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತು, 1937ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಮರಾಠಿ ಬಾರದಿದ್ದರೂ ಪುಣೆಗೆ ಬಂದರು. ಎದೆ ದುರ್ಬಲವೆಂದು ಗುರುಗಳು ಮೊದಲಿಗೆ ಅವರಿಗೆ ಪ್ರಾಣಾಯಾಮವನ್ನು ಹೇಳಿಕೊಡಲಿಲ್ಲ. 1940ರ ದಶಕದಲ್ಲಿ ಅವರು ತಾವಾಗಿ ಅಭ್ಯಾಸಕ್ಕೆ ತೊಡಗಿದರು. ಪತ್ನಿಯ ಹೆಸರಿನಲ್ಲಿ ಪುಣೆಯಲ್ಲಿ ಕಟ್ಟಿದ ಯೋಗಸಂಸ್ಥೆ 1975ರಲ್ಲಿ ತೆರೆಯಿತು. ಪ್ರಾಣಾಯಾಮವನ್ನು ಕುರಿತ ಅವರ ಬೃಹತ್ ಗ್ರಂಥ ಹೊರಬಂದುದು 1981ರಲ್ಲಿ, ಅವರಿಗೆ ಅರವತ್ತು ದಾಟಿದ ಮೇಲೆ. ಆಸನದಲ್ಲಿ ಬೆನ್ನು, ಎದೆ ಹದಗೊಂಡ ಮೇಲೆಯೇ ಪ್ರಾಣಾಯಾಮ ಎಂಬುದು ಅವರ ಕಟ್ಟುನಿಟ್ಟು. 2014ರಲ್ಲಿ ಅವರು ಪುಣೆಯಲ್ಲಿಯೇ ತೀರಿಕೊಂಡರು. ಪರಸ್ಥಳಕ್ಕೆ ಬಂದು ಬಾಳು ಕಟ್ಟಿಕೊಳ್ಳುವ ಕನ್ನಡಿಗನಿಗೆ ಅವರ ತಾಳ್ಮೆಯೇ ಒಂದು ಪಾಠ.

ಗೃಹಸ್ಥರಿಗೆ ಸರಳ ಕ್ರಮ

ಬೆಳಗಿನ ಖಾಲಿ ಹೊಟ್ಟೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂಡಬೇಕು. ನೆಲದ ಮೇಲೆ ಆಗದಿದ್ದರೆ ಕುರ್ಚಿಯೂ ಸರಿಯೇ. ಬಲಗೈ ಹೆಬ್ಬೆರಳಿನಿಂದ ಬಲಹೊಳ್ಳೆಯನ್ನು ಮೆಲ್ಲಗೆ ಮುಚ್ಚಿ ಎಡದಿಂದ ಉಸಿರೆಳೆದು, ಉಂಗುರದ ಬೆರಳಿನಿಂದ ಎಡವನ್ನು ಮುಚ್ಚಿ ಬಲದಿಂದ ಬಿಡಬೇಕು. ಮತ್ತೆ ಬಲದಿಂದ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಎಳೆಯುವುದಕ್ಕಿಂತ ಬಿಡುವುದು ತುಸು ದೀರ್ಘವಾಗಿರಲಿ. ಆರಂಭದಲ್ಲಿ ಐದಾರು ಸುತ್ತು ಸಾಕು. ಉಸಿರನ್ನು ಹಿಡಿದು ನಿಲ್ಲಿಸುವ ಕುಂಭಕವನ್ನು ಬಲ್ಲವರ ಎದುರಿನಲ್ಲಲ್ಲದೆ ಮಾಡಬಾರದು. ರಕ್ತದೊತ್ತಡ, ಹೃದ್ರೋಗವುಳ್ಳವರು ಮತ್ತು ಗರ್ಭಿಣಿಯರು ಅದನ್ನು ಬಿಡುವುದೇ ಕ್ಷೇಮ. ನೆಗಡಿಯಿದ್ದಾಗ ಮುಚ್ಚಿದ ಹೊಳ್ಳೆಯನ್ನು ಬಲವಂತಪಡಿಸಬಾರದು. ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿದ್ದರೆ ಮೂಗಿನ ನಡುಗೋಡೆ ಸೊಟ್ಟಗಿರಬಹುದು ಅಥವಾ ಒಳಗೆ ಗಂಟು ಬೆಳೆದಿರಬಹುದು. ಅದಕ್ಕೆ ಕಿವಿ, ಮೂಗು, ಗಂಟಲಿನ ವೈದ್ಯರೇ ಗತಿ.

ರಾತ್ರಿ ಪಾಳಿ ಮುಗಿಸಿ ಬಂದವರು, ಮಕ್ಕಳನ್ನು ಶಾಲೆಗೆ ಕಳಿಸಿ ಉಸ್ಸೆಂದು ಕುಳಿತ ಗೃಹಿಣಿಯರು, ನಿವೃತ್ತರಾದ ಹಿರಿಯರು, ಎಲ್ಲರೂ ದಿನಕ್ಕೆ ಹತ್ತು ನಿಮಿಷವನ್ನು ಇದಕ್ಕೆ ಮೀಸಲಿಡಬಹುದು. ಇದಕ್ಕೆ ಬೇಕಾದುದು ಎರಡು ಬೆರಳು, ಎರಡು ಹೊಳ್ಳೆ ಮತ್ತು ಒಂದಿಷ್ಟು ತಾಳ್ಮೆ ಮಾತ್ರ. ಬ್ಲೇಡಿನ ಅಗತ್ಯವಂತೂ ಎಳ್ಳಷ್ಟೂ ಇಲ್ಲ.