ಸುಣ್ಣದ ಕೆಸರು ಕಲ್ಲಾದ ಬಗೆ

ಶಿವಮೊಗ್ಗದಿಂದ ಹೊರಟು ತ್ಯಾವರೆಕೊಪ್ಪದ ಸಿಂಹಧಾಮ ದಾಟಿ ಸಾಗರದ ರಸ್ತೆಯಲ್ಲಿ ಮುಂದೆ ಹೋದರೆ ಕುಂಸಿ ಸಿಗುತ್ತದೆ. ಅಲ್ಲಿನ ಸುಣ್ಣದಕಲ್ಲು ಸುಮಾರು 260 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು. ಆಗಿನ್ನೂ ಚಿಪ್ಪು, ಹವಳ ಹುಟ್ಟಿರಲಿಲ್ಲ. ಇದ್ದದ್ದು ಸೂಕ್ಷ್ಮಜೀವಿಗಳ ಲೋಳೆ ಮಾತ್ರ. ಆಳವಿಲ್ಲದ ನೀರಿನಲ್ಲಿ ಹರಡಿದ್ದ ಆ ಲೋಳೆಗೆ ಸುಣ್ಣದ ಕಣ ಅಂಟಿತು, ಅದರ ಮೇಲೆ ಮತ್ತೆ ಲೋಳೆ ಬೆಳೆಯಿತು. ಹೀಗೆ ಏರಿದ ಪದರಗಳು ಬಂಡೆಯಲ್ಲಿ ಇಂದಿಗೂ ಕಾಣುತ್ತವೆ: ಒಂದರ ಮೇಲೊಂದು ಬೋರಲು ಹಾಕಿದ ಬಟ್ಟಲುಗಳ ಅಂಚಿನಂಥ ಬಾಗು ಗೆರೆಗಳು. ಸ್ಟ್ರೊಮ್ಯಾಟೊಲೈಟ್ ಎಂಬ ಈ ರಚನೆಗಳು ಕರ್ನಾಟಕದ ಅತಿ ಪುರಾತನ ಜೀವಕುರುಹುಗಳ ಸಾಲಿಗೆ ಸೇರಿವೆ. ಜಲ್ಲಿಯಾಗಿ ಹೋಗಬಾರದ ಕಲ್ಲು ಇದು.

ಕೆಸರು ಕಲ್ಲಾಗುವ ಕ್ರಿಯೆಗೆ ಡಯಾಜೆನೆಸಿಸ್ ಎಂದು ಹೆಸರು. ಹೊಸ ಸುಣ್ಣದ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ. ಮೇಲಿನ ಭಾರ ಆ ನೀರನ್ನು ಹಿಂಡುತ್ತದೆ. ಉಳಿದ ಸಂದುಗಳಲ್ಲಿ ಕರಗಿದ ಸುಣ್ಣ ಹರಳುಗಟ್ಟಿ, ಗಾರೆ ಕಚ್ಚಿದ ಹಾಗೆ ಕಣಗಳನ್ನು ಬೆಸೆಯುತ್ತದೆ. ಕಟ್ಟುವುದೂ ನೀರೇ, ಕರಗಿಸುವುದೂ ನೀರೇ.

ಕಲಬುರಗಿ ಸೀಮೆಯಲ್ಲಿ ಶಹಾಬಾದ್ ಸುಣ್ಣದಕಲ್ಲಿನ ಮೇಲೆ ಹಲ್ಕಲ್ ಶೇಲ್ ಎಂಬ ಜೇಡಿಶಿಲೆಯ ಪದರ ಕೂತಿದೆ. ಆ ಸುಣ್ಣದಕಲ್ಲಿನಿಂದ ತೆಗೆದ ಪರ್ಸಿ ಹಾಸುಗಲ್ಲಿನ ಅಂಚಿನಲ್ಲಿ ಕೆಲವೊಮ್ಮೆ ಗರಗಸದ ಹಲ್ಲಿನಂಥ ಕಪ್ಪು ಗೆರೆ ಕಾಣುತ್ತದೆ. ಮೇಲಿನ ಪದರಗಳ ಒತ್ತಡಕ್ಕೆ ಕಲ್ಲು ಆ ಗೆರೆಗುಂಟ ಕರಗಿ, ಕರಗದ ಜೇಡಿ ಅಲ್ಲೇ ಉಳಿದ ಗುರುತು ಅದು. ಕರಗಿದ ಸುಣ್ಣ ಅಕ್ಕಪಕ್ಕದ ಸಂದುಗಳನ್ನು ತುಂಬಿತು. ಆದ್ದರಿಂದಲೇ ಆ ಕಲ್ಲು ಅಷ್ಟು ಬಿಗಿ.

ಸಂದು ಮುಚ್ಚದೆ ಉಳಿದ ಕಲ್ಲಿನ ನೆಲೆ ಅರಬ್ಬಿ ಸಮುದ್ರದ ಬಾಂಬೆ ಹೈ. 1974ರಲ್ಲಿ ಸಾಗರ್ ಸಾಮ್ರಾಟ್ ರಿಗ್ ಕೊರೆದಾಗ ಅಲ್ಲಿ ತೈಲ ಸಿಕ್ಕಿತು. ಮುಖ್ಯ ತೈಲಪದರ ಮಯೋಸೀನ್ ಯುಗದ ಸುಣ್ಣದಕಲ್ಲು. ಸಮುದ್ರ ಹಿಂದೆ ಸರಿದಾಗಲೆಲ್ಲ ಬಯಲಾದ ಕಲ್ಲಿನೊಳಗೆ ಮಳೆನೀರು ಇಳಿದು ತೂತು ಕೊರೆಯಿತು. ಸಮುದ್ರ ಮರಳಿದ ಮೇಲೆ ಕೂತ ಜೇಡಿ ಶೇಲ್ ಆಗಿ ಮುಚ್ಚಳ ಹಾಕಿತು. ಮುಚ್ಚಳ ಇಲ್ಲದಿದ್ದರೆ ತೈಲ ಎಂದೋ ಸೋರಿಹೋಗುತ್ತಿತ್ತು.

ಶಿವಮೊಗ್ಗದ ಕಲ್ಲಿಗೆ ಹೀಗೆ ಸಂದು ಉಳಿಸಿಕೊಳ್ಳುವ ಅವಕಾಶ ಇರಲಿಲ್ಲ. ಭೂಮಿಯೊಳಗಿನ ಕಾವು, ಮಡಿಕೆಗಳ ಒತ್ತಡಕ್ಕೆ ಸಿಕ್ಕಿ ಅದು ಮತ್ತೆ ಹರಳುಗಟ್ಟಿ ಗಟ್ಟಿಯಾಯಿತು. ಜಿಲ್ಲೆಯ ಸುಣ್ಣದಕಲ್ಲಿಗೆ ಕೊನೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. 1923ರಲ್ಲಿ ಉರಿಯತೊಡಗಿದ ಊದುಕುಲುಮೆಗೆ ಕೆಮ್ಮಣ್ಣುಗುಂಡಿಯ ಅದಿರಿನ ಜೊತೆ ಸುಣ್ಣದಕಲ್ಲನ್ನೂ ಸುರಿಯುತ್ತಿದ್ದರು. ಅದಿರಿನ ಮರಳಿನಂಶವನ್ನು ಹಿಡಿದು, ಕಿಟ್ಟವಾಗಿ ಕರಗಿ, ಕಬ್ಬಿಣದ ಮೇಲೆ ತೇಲುವುದು ಅದರ ಪಾಲಿನ ಕೆಲಸ.