ಸಸ್ಯಜನ್ಯ ಸುಗಂಧ ತೈಲಗಳು ಮತ್ತು ಮಧುಮೇಹ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆ. ಇಷ್ಟು ವ್ಯಾಪಕವಾದ ವ್ಯಾಧಿಗೆ ಸುಲಭ ಪರಿಹಾರವನ್ನು ಅರಸುವುದು ಸಹಜ. ದಾಲ್ಚಿನ್ನಿ, ಲವಂಗ, ಮಜ್ಜಿಗೆ ಹುಲ್ಲು ಮೊದಲಾದವುಗಳ ಸುಗಂಧ ತೈಲವನ್ನು ನಾಲ್ಕು ಹನಿ ಸೇವಿಸಿದರೆ ಸಾಕು, ಮಾತ್ರೆಯೇ ಬೇಡವೆಂಬ ಮಾತು ಈಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದರಲ್ಲಿ ಸತ್ಯಾಂಶವೆಷ್ಟೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಸುಗಂಧ ತೈಲವು ಗಾಣದಿಂದ ಬರುವ ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳಿಂದ ಭಿನ್ನವಾದುದು. ಎಲೆ, ತೊಗಟೆ, ಮೊಗ್ಗು, ಬೇರುಗಳ ಮೂಲಕ ನೀರಾವಿಯನ್ನು ಹಾಯಿಸಿ, ಅದರೊಂದಿಗೆ ಹೊರಬರುವ ಪರಿಮಳ ದ್ರವ್ಯವನ್ನು ತಣಿಸಿ ಸಂಗ್ರಹಿಸುತ್ತಾರೆ. ಮೈಸೂರಿನಲ್ಲಿ ಆರಂಭವಾದ ಶ್ರೀಗಂಧದೆಣ್ಣೆಯ ಕಾರ್ಖಾನೆಯು ಹೀಗೆ ಭಟ್ಟಿ ಇಳಿಸುವ ಉದ್ಯಮಕ್ಕೆ ಹೆಸರಾಯಿತು. ಆವಿಯೊಂದಿಗೆ ಏಳಬಲ್ಲ ಅಂಶ ಮಾತ್ರ ತೈಲವನ್ನು ಸೇರುತ್ತದೆ. ನಾರು, ಪಿಷ್ಟ, ಖನಿಜಗಳು ಹಿಂದೆಯೇ ಉಳಿಯುತ್ತವೆ. ಮೆಂತ್ಯದ ಕಾಳಿನಲ್ಲಿರುವ ನಾರು ಕರುಳಿನಲ್ಲಿ ಸಕ್ಕರೆಯ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ಆದರೆ ಆ ನಾರು ಯಾವ ಸುಗಂಧ ತೈಲದಲ್ಲಿಯೂ ಇರಲಾರದು. ಆದ್ದರಿಂದ ಸಸ್ಯದ ಗುಣಗಳೆಲ್ಲವೂ ಅದರ ತೈಲಕ್ಕೆ ಇಳಿದು ಬರುತ್ತವೆಂದು ಭಾವಿಸಲಾಗದು.

ಹಾಗೆಂದು ಈ ತೈಲಗಳ ಕುರಿತ ಸಂಶೋಧನೆ ನಿರರ್ಥಕವೇನಲ್ಲ. ನಾವು ಉಂಡ ಅನ್ನ, ರೊಟ್ಟಿ, ಮುದ್ದೆಗಳ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಾರ್ಯ ಆಲ್ಫಾ ಅಮೈಲೇಸ್, ಆಲ್ಫಾ ಗ್ಲೂಕೋಸಿಡೇಸ್ ಎಂಬ ಕಿಣ್ವಗಳದು. ಹಲವು ಸುಗಂಧ ತೈಲಗಳು ಈ ಕಿಣ್ವಗಳ ವೇಗವನ್ನು ತಗ್ಗಿಸುವುದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಲವಂಗದ ಯೂಜಿನಾಲ್ ಎಂಬ ಅಂಶಗಳು ಮಧುಮೇಹವುಳ್ಳ ಇಲಿಗಳಲ್ಲಿ ರಕ್ತದ ಸಕ್ಕರೆಯನ್ನು ಇಳಿಸಿವೆ. ವೈದ್ಯರು ನೀಡುವ ಅಕಾರ್ಬೋಸ್ ಮಾತ್ರೆಯೂ ಇದೇ ಕಿಣ್ವಗಳನ್ನು ತಡೆದೇ ಕೆಲಸ ಮಾಡುತ್ತದೆ.

ಆದರೆ ಗಾಜಿನ ನಳಿಕೆಗೂ ಮನುಷ್ಯನ ದೇಹಕ್ಕೂ ನಡುವೆ ದೀರ್ಘವಾದ ದಾರಿಯಿದೆ. ಸುಗಂಧ ತೈಲವನ್ನು ಮಧುಮೇಹದ ಚಿಕಿತ್ಸೆಯೆಂದು ಒಪ್ಪುವಷ್ಟು ಆಧಾರ ಮಾನವರ ಮೇಲಿನ ಪ್ರಯೋಗಗಳಿಂದ ಇನ್ನೂ ದೊರೆತಿಲ್ಲ. ಮೇಲಾಗಿ ಮಣ್ಣು, ಋತು, ಕೊಯ್ಲಿನ ಕಾಲಕ್ಕೆ ತಕ್ಕಂತೆ ತೈಲದ ಸತ್ವ ಬದಲಾಗುವುದರಿಂದ ಎರಡು ಸೀಸೆಗಳ ಹನಿಗಳು ಸಮಾನವಾಗಿರುವುದಿಲ್ಲ. ಈ ದಾರಿ ಎಷ್ಟು ದೀರ್ಘವೆಂಬುದಕ್ಕೆ ಇಂದು ಮನೆಮಾತಾಗಿರುವ ಮೆಟ್‌ಫಾರ್ಮಿನ್ ಮಾತ್ರೆಯೇ ನಿದರ್ಶನ. ಯುರೋಪಿನ ಗ್ಯಾಲೆಗಾ ಎಂಬ ಗಿಡದಲ್ಲಿ ಸಕ್ಕರೆ ಇಳಿಸುವ ಅಂಶವಿತ್ತು, ಜೊತೆಗೆ ವಿಷವೂ ಇತ್ತು. ಅದರ ಬಂಧುವೆನ್ನಬಹುದಾದ ಮೆಟ್‌ಫಾರ್ಮಿನ್ 1922ರಲ್ಲಿ ತಯಾರಾಯಿತು. ಫ್ರಾನ್ಸಿನ ವೈದ್ಯ ಜಾನ್ ಸ್ಟೆರ್ನ್ ಅದನ್ನು ರೋಗಿಗಳಿಗೆ ನೀಡಿ ಫಲವನ್ನು ಪ್ರಕಟಿಸಿದ್ದು 1957ರಲ್ಲಿ. ಅಮೆರಿಕ ಅದಕ್ಕೆ ಅನುಮತಿ ನೀಡಿದ್ದು 1994ರಲ್ಲಿ. ಸಸ್ಯದ ಗುಣವನ್ನು ಗುರುತಿಸಿ, ಪ್ರಮಾಣವನ್ನು ನಿಗದಿಗೊಳಿಸಿ, ವಿಷವನ್ನು ನಿವಾರಿಸಿದ ಬಳಿಕವೇ ಅದು ಔಷಧವೆನಿಸಿತು.

ಅಡುಗೆಗೆ ಬಳಸುವ ಚಕ್ಕೆ, ಲವಂಗ ಬೇರೆ. ಅವುಗಳ ಸಾಂದ್ರ ತೈಲ ಬೇರೆ. ಲವಂಗದೆಣ್ಣೆ ಅಧಿಕವಾಗಿ ಹೊಟ್ಟೆ ಸೇರಿದರೆ ಯಕೃತ್ತಿಗೆ ಹಾನಿಯಾಗುತ್ತದೆ. ನೀಲಗಿರಿ ಎಣ್ಣೆಯನ್ನು ಅಲ್ಪ ಪ್ರಮಾಣದಲ್ಲಿ ನುಂಗಿದರೂ ಮಕ್ಕಳಿಗೆ ಅಪಸ್ಮಾರದಂತಹ ಸೆಳವು ಬರಬಹುದು. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರು ಅಪ್ಪಟ ತೈಲವನ್ನು ಹಚ್ಚಿಕೊಂಡರೆ ಚರ್ಮ ಸುಟ್ಟರೂ ತಿಳಿಯದೆ ಹುಣ್ಣಾಗುವ ಅಪಾಯವಿದೆ. ಎಲ್ಲಕ್ಕಿಂತ ಮಿಗಿಲಾದ ಅಪಾಯ ಔಷಧವನ್ನು ನಿಲ್ಲಿಸುವುದು. ಒಂದನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಎರಡನೆಯ ಬಗೆಯಲ್ಲಿ ಕಣ್ಣು, ಮೂತ್ರಪಿಂಡ, ನರಗಳು ಸದ್ದಿಲ್ಲದೆ ಸವೆಯುತ್ತವೆ.

ಆದ್ದರಿಂದ ಸದ್ಭಕ್ತರಲ್ಲಿ ವಿನಂತಿ ಇಷ್ಟೆ. ಕೋಣೆಯಲ್ಲಿ ಹಿತವಾದ ಪರಿಮಳವಿದ್ದು ಮನಸ್ಸು ಶಾಂತವಾಗುವುದಾದರೆ ಸಂತೋಷ. ತೈಲವನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಈಗಾಗಲೇ ಸೇವಿಸುತ್ತಿರುವವರು ಆ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ಮಿತಾಹಾರ, ನಿತ್ಯದ ನಡಿಗೆ, ನಿಗದಿತ ಔಷಧ, ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ, ಇವುಗಳನ್ನು ತಪ್ಪದೆ ಪಾಲಿಸೋಣ. ಮನೆಯಲ್ಲಿ ಯಾರಾದರೂ ಸುಗಂಧ ತೈಲವನ್ನು ನಂಬಿ ಮಾತ್ರೆಯನ್ನೋ ಇನ್ಸುಲಿನನ್ನೋ ಬಿಟ್ಟಿದ್ದರೆ ಅವರನ್ನು ಇಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.